ಗುನುಗು ಇಳಿದ ಮೇಲೆ

ಮಾರ್ಚ್ ೬

ಪ್ರೀತಿಯ ಪಾಪು,

ಹಿಪ್ಪುನೇರಳೆ ಶುರುವಾಯಿತು, ಈ ಸಲ ಹದಿನೈದು ದಿನ ಮುಂಚೆಯೇ. ಹಿತ್ತಲ ಗೋಡೆಯಾಚೆಯ ಮರದ ಕೆಳಗೆ ನೆಲವೆಲ್ಲ ಮಸಿ ಚೆಲ್ಲಿದಂತಾಗಿದೆ. ಅದನ್ನು ತುಳಿದುಕೊಂಡು ಹೋಗುವವರ ಚಪ್ಪಲಿಯ ಅಚ್ಚು ಬೀದಿಯ ತುದಿಯವರೆಗೂ ಕಾಣುತ್ತದೆ. ಯಾರು ಯಾರ ಮನೆಗೆ ಹೋದರು ಅನ್ನುವುದನ್ನು ಪಕ್ಕದ ಅಂಗಡಿಯ ದರ್ಜಿ ಹೊಲಿಗೆ ಮಿಷನ್ನಿನಿಂದ ಏಳದೆ ಹೇಳಿಬಿಡುತ್ತಾನೆ.

ನೀನು ಫೋನು ಮಾಡಿ ಆರು ವಾರದ ಮೇಲಾಯಿತು. ನಾನು ಮಾಡಿದರೆ ಎತ್ತುವುದಿಲ್ಲ. ಇರಲಿ, ನನಗೂ ಈಚೆಗೆ ಫೋನು ಅಂದರೆ ಅಷ್ಟಕ್ಕಷ್ಟೆ. ಮೊಬೈಲಿನಲ್ಲಿ ಅಕ್ಷರ ಒತ್ತೋಣವೆಂದರೆ ನನ್ನ ಬೆರಳು ಒಂದಕ್ಕೆ ಮೂರು ಒತ್ತುತ್ತದೆ. ಕಾಗದವೇ ವಾಸಿ.

ಎಣಿಸಿದೆ, ಈಗ ಏಳನೇ ತಿಂಗಳು. ಕಾಲು ಊದಿಕೊಂಡಿದೆಯಾ? ಗ್ರಂಥಾಲಯದ ಆ ಎತ್ತರದ ಸ್ಟೂಲಿನ ಮೇಲೆ ಕೂತು ಹಳೇ ಪುಸ್ತಕಗಳ ಬೆನ್ನು ಹೊಲಿಯುವುದನ್ನು ಸ್ವಲ್ಪ ದಿನ ಬಿಡು. ಪುಸ್ತಕಗಳು ನೂರು ವರ್ಷ ಕಾದಿವೆ, ಇನ್ನು ಮೂರು ತಿಂಗಳು ಕಾಯುತ್ತವೆ. ನೀರಿನ ಬಕೆಟ್ಟನ್ನು ಮೇಷ್ಟ್ರು ಎತ್ತಲಿ. ಶಾಲೆಯಲ್ಲಿ ನಲವತ್ತು ಮಕ್ಕಳನ್ನು ದಿನವಿಡೀ ಸಂಭಾಳಿಸುವ ನಿನ್ನ ಗಂಡನಿಗೆ ಒಂದು ಬಕೆಟ್ಟು ಭಾರವಾಗುತ್ತದೆಯೇ?

ಇನ್ನೊಂದು ಮಾತು. ನವೆಂಬರಿನಲ್ಲಿ ನೀನು ಬಂದು ವಿಷಯ ಹೇಳಿದಾಗ ನನ್ನ ಬಾಯಿಂದ “ನಲವತ್ತೆರಡರಲ್ಲಾ? ಬೇಕಿತ್ತಾ ಇದೆಲ್ಲ?” ಅಂತ ಬಂದುಬಿಟ್ಟಿತು. ನೀನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ನಾನು ಅದನ್ನು ನೋಡಿಯೂ ನೋಡದವಳ ಹಾಗೆ ಇದ್ದೆ. ಭಯಕ್ಕೆ ಆಡಿದ ಮಾತು ಅದು. ಎಂಥ ಭಯ ಅಂತ ಕೇಳಬೇಡ. ಮರೆತುಬಿಡು.

ಇಲ್ಲಿ ಅಂಗಡಿಗೆ ಹಾಕಿದ ಹಣ್ಣಿನ ಸೋಡದ ಮೊದಲ ಭರಣಿಯೇ ಕೈಕೊಟ್ಟಿತು. ಅಮ್ಮ ಹೇಳಿಕೊಟ್ಟ ಹಾಗೇ ಮಾಡಿದ್ದೆ. ತೊಟ್ಟು ಬಿಡಿಸಿ, ಹಣ್ಣನ್ನು ಕೈಯಲ್ಲೇ ಹಿಸುಕಿ, ಸಕ್ಕರೆ, ಕಾಯಿಸಿ ಆರಿಸಿದ ನೀರು, ಹಿಂದಿನದರಿಂದ ತೆಗೆದಿಟ್ಟ ಒಂದು ಲೋಟ ಹೆಪ್ಪು. ಭರಣಿಯ ಬಾಯಿಗೆ ಬಟ್ಟೆ. ಮೂರನೇ ದಿನಕ್ಕೆ ಒಳಗೆ ನೊರೆಯೇಳುವ ಗುನುಗು ಶುರುವಾಗಬೇಕು, ಆ ಗುನುಗು ಇಳಿದ ಮೇಲೆಯೇ ಸೋಸಿ ಬಾಟಲಿಗೆ ತುಂಬಬೇಕು. ಹಾಗೇ ಮಾಡಿದೆ. ಆದರೂ ಹನ್ನೆರಡು ಬಾಟಲಿ ಒಂದೇ ಮಧ್ಯಾಹ್ನ ಒಡೆದವು. ಗೋಡೆಯೆಲ್ಲ ನೇರಳೆ. ಈ ಸಲದ ಸಕ್ಕರೆಯೇ ಸರಿಯಿಲ್ಲವೇನೋ.

ಒಂದು ಸಾಲಾದರೂ ಬರೆ.

ನಿನ್ನ
ಅಕ್ಕ


ಮಾರ್ಚ್ ೨೧

ಪ್ರೀತಿಯ ಪಾಪು,

ಉತ್ತರ ಬರಲಿಲ್ಲ. ಸುಸ್ತಿರಬೇಕು, ನನಗೆ ಗೊತ್ತಾಗುತ್ತದೆ.

ಇದರ ಜೊತೆ ಒಂದು ಪಾರ್ಸೆಲ್ ಕಳಿಸುತ್ತಿದ್ದೇನೆ. ಎರಡು ಬಾಟಲಿ ಬರೀ ಹಣ್ಣಿನ ಪಾಕ. ಹೆಪ್ಪು ಹಾಕಿಲ್ಲ, ನೊರೆ ಬರುವುದಿಲ್ಲ, ಒಡೆಯುವ ಮಾತೂ ಇಲ್ಲ. ಎರಡು ಚಮಚಕ್ಕೆ ಒಂದು ಲೋಟ ತಣ್ಣೀರು. ನಿನಗೆ ಹುಳಿ ಮುಂದಿರಬೇಕು ಅಂತ ಅರ್ಧ ಹಣ್ಣು ಕೆಂಪಾಗಿರುವಾಗಲೇ ಕಿತ್ತೆ.

ಮತ್ತೆ ಆರು ಅಂಗಿ. ದರ್ಜಿಯೇ ಹೊಲಿದದ್ದು. ಅಳತೆ ಕೇಳಿದ. ಇನ್ನೂ ಹುಟ್ಟದವರ ಅಳತೆ ಎಲ್ಲಿಂದ ತರಲಿ? ನನ್ನ ಮೊಣಕೈಯಿಂದ ಅಂಗೈಯವರೆಗೆ ತೋರಿಸಿದೆ. ನೀನು ಹುಟ್ಟಿದಾಗ ಅಷ್ಟೇ ಇದ್ದೆ. ಆಗ ನನಗೆ ಹದಿನಾರು. ಅಮ್ಮನಿಗೆ ಏಳಲಾಗದೆ ನಿನ್ನನ್ನು ನನ್ನ ಕೈಗೆ ಕೊಟ್ಟಿದ್ದರು. ಆ ಅಳತೆ ಕೈಗೆ ಇನ್ನೂ ನೆನಪಿದೆ. ಹೊಲಿಗೆಯ ಅಂಚು ಮೈಗೆ ತಾಗದಿರಲಿ ಅಂತ ದರ್ಜಿ ಎಲ್ಲವನ್ನೂ ಹೊರಮುಖಕ್ಕೆ ಮಡಿಸಿದ್ದಾನೆ. ಬಾಯಿ ಜೋರು, ಕೈ ಮೆತ್ತಗೆ ಅವನದು.

ಎರಡನೇ ಭರಣಿಯದೂ ಐದು ಬಾಟಲಿ ಹೋದವು. ಸಕ್ಕರೆ ಬದಲಾಯಿಸಿದ್ದೆ.

ಅಕ್ಕ


ಮಾರ್ಚ್ ೨೯

ಅಕ್ಕನಿಗೆ,

ಪಾರ್ಸೆಲ್ ಬಂತು. ಅಂಗಿ ಆರು ಇವೆ.

ಇದನ್ನು ಯಾಕೆ ಕಳಿಸಿದಿರಿ ಎಂದು ನಾಲ್ಕು ದಿನ ಯೋಚಿಸಿದೆ. ನಿಮಗೆ ಮರೆತಿದ್ದರೆ ನೆನಪಿಸುತ್ತೇನೆ. ಜನವರಿ ಹತ್ತೊಂಬತ್ತು, ಮಧ್ಯಾಹ್ನ. ನಾನು ಆಸ್ಪತ್ರೆಯ ಮಂಚದ ಮೇಲೆ ಕೂತಿದ್ದೆ. ಮೇಷ್ಟ್ರು ಔಷಧಿ ತರಲು ಕೆಳಗೆ ಹೋಗಿದ್ದರು. ನಾನು ಮೊದಲು ಫೋನು ಮಾಡಿದ್ದು ನಿಮಗೆ. “ಪಾಪು ಹೋಯ್ತು ಅಕ್ಕ” ಅಂದೆ. ಅಷ್ಟೇ ಹೇಳಲಾದದ್ದು.

ನೀವು “ಹೌದಾ, ಒಳ್ಳೇದಾಯ್ತು ಬಿಡು” ಅಂದಿರಿ. ಆಮೇಲೆ “ಊಟ ಮಾಡಿ ಮಲಕ್ಕೋ” ಅಂತಲೂ ಅಂದಿರಿ.

ನವೆಂಬರಿನಲ್ಲಿ ಬೇಕಿತ್ತಾ ಎಂದವರು ಜನವರಿಯಲ್ಲಿ ಒಳ್ಳೇದಾಯ್ತು ಎಂದಿರಿ. ಅದು ನನಗೆ ಅರ್ಥವಾಗಿತ್ತು. ನನ್ನ ಪಾಡಿಗೆ ನಾನು ಇದ್ದೆ. ಈ ಅಂಗಿಗಳು ಅರ್ಥವಾಗುತ್ತಿಲ್ಲ.

ಮೇಷ್ಟ್ರು ಅವನ್ನು ನೋಡುವ ಮೊದಲೇ ಎತ್ತಿಟ್ಟೆ. ಎಲ್ಲಿ ಎಂದು ನನಗೇ ಈಗ ನೆನಪಾಗುತ್ತಿಲ್ಲ.

ತಂಗಿ


ಏಪ್ರಿಲ್ ೩

ಪಾಪು,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಅದರಲ್ಲಿ ‘ನೀವು’ ಅಂತ ಇರುವುದು ಮೂರನೇ ಸಲಕ್ಕೆ ಕಣ್ಣಿಗೆ ಬಿತ್ತು. ಮೊದಲೆರಡು ಸಲ ನಡುವಿನ ಒಂದು ಸಾಲು ದಾಟಿ ಮುಂದೆ ಹೋಗಲಾಗಲಿಲ್ಲ.

ನನಗೆ ಗೊತ್ತಿರಲಿಲ್ಲ. ಇವತ್ತಿಗೂ, ನಿನ್ನ ಈ ಕಾಗದ ಒಡೆಯುವವರೆಗೂ, ಗೊತ್ತಿರಲಿಲ್ಲ.

ನನಗೆ ಕಿವಿ ಕೇಳುವುದಿಲ್ಲ, ಪಾಪು. ಎರಡು ವರ್ಷವಾಯಿತು. ಮೊದಲು ಗುಬ್ಬಿಗಳು ಹೋದವು. ಗುಬ್ಬಿಗಳೇ ಈ ಬೀದಿ ಬಿಟ್ಟು ಹೋಗಿವೆ ಅಂದುಕೊಂಡಿದ್ದೆ. ಆಮೇಲೆ ಕುಕ್ಕರಿನ ಸೀಟಿ ಹೋಯಿತು. ಗಂಡಸರ ದಪ್ಪ ದನಿ ಅಷ್ಟಿಷ್ಟು ಸಿಗುತ್ತದೆ. ನಿನ್ನಂಥ ಸಣ್ಣ ದನಿ, ಅದೂ ಫೋನಿನಲ್ಲಿ, ಬರೀ ಗಾಳಿ. ಯಾರಿಗೂ ಹೇಳಲಿಲ್ಲ. ಅಂಗಡಿಯ ಕಿಟಕಿಯಲ್ಲಿ ನಿಂತವಳಿಗೆ ಮೂರೇ ಮಾತು ಸಾಕಾಗುತ್ತಿದ್ದವು: ‘ಹೌದಾ’, ‘ಆಗಲಿ’, ‘ಒಳ್ಳೇದಾಯ್ತು ಬಿಡು’. ಎದುರಿನವರ ಮುಖ ನೋಡಿ ಮೂರರಲ್ಲಿ ಒಂದನ್ನು ಹಾಕುತ್ತಿದ್ದೆ. ಹತ್ತಕ್ಕೆ ಎಂಟು ಸಲ ಸರಿಹೋಗುತ್ತಿತ್ತು. ಫೋನಿನಲ್ಲಿ ಮುಖ ಕಾಣುವುದಿಲ್ಲ.

ನೀನು ಯಾವಾಗಲೂ “ಪಾಪು ಮಾತಾಡ್ತಿರೋದು” ಅಂತಲೇ ಶುರು ಮಾಡುವವಳು. ಅವತ್ತು ನನಗೆ ಸಿಕ್ಕಿದ್ದು ‘ಪಾಪು’ ಅನ್ನುವುದೊಂದು, ಆಮೇಲೆ ‘ಹೋ’ ಅಂತ ಏನೋ ಒಂದು. ಪಾಪು ಅಂದರೆ ನನಗೆ ನೀನು. ಡಾಕ್ಟರ ಹತ್ತಿರ ಹೋಗಿ ಬಂದೆ ಅಂತ ಹೇಳುತ್ತಿದ್ದೀಯ ಅಂದುಕೊಂಡೆ. ಅದಕ್ಕೇ ಊಟ ಮಾಡಿ ಮಲಗು ಅಂದದ್ದು. ನಿನ್ನ ಮನೆಯಲ್ಲಿ ಈಗ ಇನ್ನೊಂದು ಪಾಪು ಇದೆ ಅನ್ನುವುದು ಈ ಮಂದ ತಲೆಗೆ ಹೊಳೆಯಲೇ ಇಲ್ಲ.

ಬಾಟಲಿಯ ವಿಷಯದಲ್ಲೂ ನಿನಗೆ ಪೂರ್ತಿ ಹೇಳಿರಲಿಲ್ಲ. ಭರಣಿಗೆ ಕಿವಿಯಿಟ್ಟು ಗುನುಗು ಇಳಿಯಿತಾ ಅಂತ ನೋಡುವುದು ನಮ್ಮ ರೀತಿ. ನಾನು ಕಿವಿಯಿಟ್ಟೆ, ಏನೂ ಕೇಳಲಿಲ್ಲ, ಇಳಿದಿದೆ ಅಂದುಕೊಂಡೆ. ಅದು ಇಳಿದಿರಲಿಲ್ಲ, ಭರ್ತಿ ಜೋರಿನಲ್ಲಿತ್ತು. ಹಾಗೇ ಬಾಟಲಿಗೆ ತುಂಬಿ ಬಿರಡೆ ಬಿಗಿದೆ. ಅವು ಒಡೆದಾಗ ನಾನು ಅದೇ ಕೋಣೆಯಲ್ಲಿ ಬೆನ್ನು ಹಾಕಿ ಕೂತು ತೊಟ್ಟು ಬಿಡಿಸುತ್ತಿದ್ದೆ. ಕಾಲು ಒದ್ದೆಯಾದಾಗ ತಿರುಗಿ ನೋಡಿದೆ. ಅಷ್ಟರಲ್ಲಿ ಬಾಗಿಲಲ್ಲಿ ದರ್ಜಿ. “ಏನ್ ಸೋಡಕ್ಕಾ, ಪಟಾಕಿ ಅಂಗಡಿ ಇಟ್ರಾ?” ಅಂದವನು ನನ್ನ ಮುಖ ನೋಡಿ ಪೊರಕೆ ಹುಡುಕತೊಡಗಿದ.

ನವೆಂಬರಿನ ಮಾತು ಮಾತ್ರ ನಾನು ನಿನ್ನ ಎದುರು ನಿಂತು, ಅರ್ಥವಾಗಿಯೇ ಆಡಿದ್ದು. ಅದನ್ನು ಕಿವಿಯ ಮೇಲೆ ಹೊರಿಸುವುದಿಲ್ಲ. ಅಮ್ಮ ನಿನ್ನನ್ನು ಹೆತ್ತದ್ದು ನಲವತ್ತೊಂದರಲ್ಲಿ. ಆಮೇಲೆ ಆರು ವರ್ಷ ಬದುಕಿದಳು, ಆದರೆ ಮಂಚಕ್ಕೂ ಕಿಟಕಿಗೂ ನಡುವೆಯೇ. ಅದು ಆ ಹೆರಿಗೆಯಿಂದಲೇ ಆದದ್ದು ಅಂತ ನಿನಗೆ ಯಾರೂ ಹೇಳಿರಲಿಲ್ಲ, ನಾನೇ ಹೇಳಗೊಟ್ಟಿರಲಿಲ್ಲ. ನೀನು ಬಂದು ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಾಗ ನನಗೆ ಆ ಮಂಚ ಕಂಡಿತು.

ಕ್ಷಮಿಸು ಅಂತ ಬರೆದು ಹೊಡೆದುಹಾಕಿದೆ. ಸಾಲದು ಅನ್ನಿಸಿತು. ಬೇರೆ ಏನು ಬರೆಯುವುದೋ ತಿಳಿಯದೆ ಅರ್ಧ ದಿನವಾಯಿತು. ಕಾಗದದ ಮೂಲೆಯಲ್ಲಿರುವ ಕಲೆ ಹಣ್ಣಿನದು, ಬೇರೆಯದಲ್ಲ.

ಅಕ್ಕ


ಏಪ್ರಿಲ್ ೧೭

ಪಾಪು,

ನೀನು ಬರೆಯಬೇಕು ಅಂತಿಲ್ಲ. ನಾನು ಬರೆಯುತ್ತಿರುತ್ತೇನೆ.

ದರ್ಜಿ ನನ್ನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಯಾರಿಗೂ ಗೊತ್ತಾಗುವುದು ಬೇಡ ಅಂದೆ. ಅವನು ರಸ್ತೆಯ ಮಧ್ಯೆ ನಿಂತು, ನನಗೆ ಕೇಳುವಷ್ಟು ಜೋರಾಗಿ, ಅಂದರೆ ಬೀದಿಗೆಲ್ಲ ಕೇಳುವಷ್ಟು, “ಎಲ್ಲಾರ್ಗೂ ಗೊತ್ತು ಸೋಡಕ್ಕಾ, ಗೊತ್ತಿಲ್ದೇ ಇದ್ದಿದ್ದು ನಿಮ್ಗೊಬ್ರಿಗೇ” ಅಂದ. ಹಾಗಾದರೆ ಜನ ಎರಡು ವರ್ಷದಿಂದ ನನ್ನ ‘ಒಳ್ಳೇದಾಯ್ತು ಬಿಡು’ವನ್ನು ಸಹಿಸಿಕೊಂಡು ಬಂದಿದ್ದಾರೆ. ಮೂಲೆ ಮನೆಯವರು ಅತ್ತೆ ಸತ್ತ ಸುದ್ದಿ ಹೇಳಿದಾಗಲೂ ಹಾಗೇ ಅಂದಿದ್ದೆನಂತೆ. ಅವರು ಒಂದು ಕ್ಷಣ ಯೋಚಿಸಿ ಹೌದು ಅಂದರಂತೆ.

ನಿನ್ನನ್ನು ನಗಿಸಲು ಬರೆದೆನೋ ಏನೋ. ನಗದಿದ್ದರೂ ಸರಿ.

ಡಾಕ್ಟರು ಒಂದು ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಶಬ್ದ ಕೇಳಿದಾಗ ಗುಂಡಿ ಒತ್ತಿ ಅಂದರು. ನಾನು ಕೂತೇ ಇದ್ದೆ. ಇನ್ನೂ ಶುರುವಾಗಿಲ್ಲ ಅಂತ ಕಾಯುತ್ತಿದ್ದೆ. ಅವರು ಬಾಗಿಲು ತೆರೆದು ಆಯಿತು ಅಂದರು. ಯಂತ್ರ ಹಾಕಬೇಕಂತೆ. ನನ್ನ ಕಿವಿಗೆ ಹೊಂದುವುದು ತಯಾರಾಗಿ ಬರಲು ಎರಡು ತಿಂಗಳು. ಹಾಕಿದರೂ ತೀರಾ ಸಣ್ಣ ಸದ್ದು, ಭರಣಿಯ ಗುನುಗಿನಂಥದು, ಸಿಗುವುದು ಕಷ್ಟ ಅಂದರು. ಮುಖ ನೋಡಿ ಹೇಳಿದರು, ಹಾಗಾಗಿ ಪೂರ್ತಿ ಅರ್ಥವಾಯಿತು.

ಮರದಲ್ಲಿ ಇನ್ನೂ ಹಣ್ಣಿದೆ. ಆದರೆ ಮೂರನೇ ಭರಣಿ ಹಾಕಿಲ್ಲ. ಕಿಟಕಿ ಮುಚ್ಚಿದ್ದೇನೆ. ಕೇಳಿದವರಿಗೆ ಹೆಪ್ಪು ಕೆಟ್ಟಿತು ಅಂದೆ.

ಅಕ್ಕ


ಏಪ್ರಿಲ್ ೨೨

ಅಕ್ಕ,

ನಿನ್ನ ಕಾಗದ ಓದಿ ಮೊದಲು ನಂಬಲಿಲ್ಲ. ಅನುಕೂಲಕ್ಕೆ ಸರಿಯಾಗಿ ಬಂದ ಕಿವುಡು ಅನ್ನಿಸಿತು. ಹೀಗೆ ಬರೆಯುವುದಕ್ಕೆ ಬೇಸರವಾಗುತ್ತದೆ, ಆದರೆ ಇನ್ನು ಮುಂದೆ ನಮ್ಮಿಬ್ಬರ ನಡುವೆ ಅರ್ಧ ಹೇಳುವುದು ಬೇಡ.

ಮಂಗಳವಾರ ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೆ ಮೇಣ ಒತ್ತಿಕೊಂಡು ಕೆಲಸಕ್ಕೆ ಹೋದೆ. ನಿನಗೆ ಎಷ್ಟು ಕೇಳುತ್ತದೆ ಎಂದು ನೋಡಬೇಕಿತ್ತು. ಒಂಬತ್ತು ಗಂಟೆಗೆ ಎಲ್ಲರನ್ನೂ “ಏನು? ಏನು?” ಎಂದು ಕೇಳುತ್ತಿದ್ದೆ. ಹತ್ತಕ್ಕೆ ಅವರ ಮುಖದಲ್ಲಿ ಬೇಸರ ಕಂಡಿತು. ಹನ್ನೊಂದಕ್ಕೆ ನಾನೇ ‘ಹೌದಾ’ ಅನ್ನತೊಡಗಿದ್ದೆ. ಗ್ರಂಥಪಾಲಕರು ಬಂದು ಏನೋ ಕೇಳಿದರು, ನಗುತ್ತಿದ್ದರು, ನಾನೂ ನಕ್ಕು ‘ಆಗಲಿ ಸಾರ್’ ಅಂದೆ. ಹತ್ತು ನಿಮಿಷಕ್ಕೆ ಬೆನ್ನು ಮುರಿದ ಅರವತ್ತು ಸಂಪುಟಗಳು ಕೈಗಾಡಿಯಲ್ಲಿ ನನ್ನ ಮೇಜಿಗೆ ಬಂದವು. ತಿಂಗಳ ಕೊನೆಯೊಳಗೆ ಹೊಲಿದು ಕೊಡುತ್ತೇನೆ ಎಂದು ಒಪ್ಪಿದ್ದೆನಂತೆ.

ಮಧ್ಯಾಹ್ನ ಹತ್ತಿ ತೆಗೆದು ಶೌಚಾಲಯದಲ್ಲಿ ನಿಂತು ಅತ್ತೆ. ಜನವರಿಯಿಂದ ಅತ್ತಿರಲಿಲ್ಲ.

ಸಿಟ್ಟು ಹೋಯಿತು ಎಂದು ಬರೆಯಲಾರೆ. ಅದು ಇದೆ, ಯಾರ ಮೇಲೆ ಇಡುವುದೆಂದು ಗೊತ್ತಾಗುತ್ತಿಲ್ಲ. ಮೂರು ತಿಂಗಳು ಅದನ್ನು ನಿನ್ನ ಮೇಲೆ ಇಟ್ಟಿದ್ದೆ, ಜಾಗ ಸರಿಯಾಗಿತ್ತು. ಅಮ್ಮನ ವಿಷಯ ಇನ್ನೊಂದು ದಿನ ಕೇಳುತ್ತೇನೆ. ಒಮ್ಮೆಗೆ ಒಂದು.

ಭರಣಿಯ ಬಗ್ಗೆ. ನಾವು ಪುಸ್ತಕಕ್ಕೆ ಹಚ್ಚುವ ಅಂಟು ಕಾಯಿಸುವಾಗ ಅದು ಹದಕ್ಕೆ ಬಂತೋ ಇಲ್ಲವೋ ಎಂಬುದನ್ನು ಕಣ್ಣಿನಿಂದ ನೋಡುವುದಿಲ್ಲ. ಬೆರಳ ಹಿಂಬದಿಯಿಂದ ಮುಟ್ಟಿ ನೋಡುತ್ತೇವೆ. ಕಣ್ಣು ಮೋಸಹೋಗುವಷ್ಟು ಸುಲಭವಾಗಿ ಬೆರಳು ಮೋಸಹೋಗುವುದಿಲ್ಲ. ನೀನು ಒಮ್ಮೆಲೇ ಎಲ್ಲವನ್ನೂ ಸೋಸಿ ಗಾಜಿಗೆ ತುಂಬಬೇಡ. ಮೊದಲು ಒಂದೇ ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿ ತುಂಬಿ ಮುಚ್ಚಳ ಬಿಗಿದು ಇಡು. ಮೂರು ಗಂಟೆಯಲ್ಲಿ ಅದು ಕಲ್ಲಿನಷ್ಟು ಗಟ್ಟಿಯಾದರೆ ಭರಣಿ ಇನ್ನೂ ಗುನುಗುತ್ತಿದೆ ಎಂದರ್ಥ. ಒಂದು ದಿನವಾದರೂ ಒತ್ತಿದರೆ ಸ್ವಲ್ಪ ತಗ್ಗುವಂತಿದ್ದರೆ ಇಳಿದಿದೆ. ಆಗ ಉಳಿದದ್ದನ್ನು ತುಂಬು. ಪ್ಲಾಸ್ಟಿಕ್ ಎಂದರೆ ನೀನು ಮೂಗು ಮುರಿಯುತ್ತೀಯ ಎಂದು ಗೊತ್ತು.

ಕಾಗದದ ಕೊನೆಗೆ ಪಾಪು ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನ ಮೇಲಿನ ಕೋಪಕ್ಕಲ್ಲ.

ನಿನ್ನ
ತಂಗಿ


ಮೇ ೪

ನನ್ನ ತಂಗಿಗೆ,

ಏನಂತ ಶುರು ಮಾಡುವುದೋ ತಿಳಿಯದೆ ಮೂರು ಹಾಳೆ ಹಾಳು ಮಾಡಿದೆ. ನಲವತ್ತೆರಡು ವರ್ಷದ ಅಭ್ಯಾಸ. ನಿನಗೆ ಯಾವುದು ಸರಿಯೋ ಹೇಳು, ಕಲಿಯುತ್ತೇನೆ.

ಪ್ಲಾಸ್ಟಿಕ್ಕಿಗೆ ಮೂಗು ಮುರಿದೆ. ಎರಡು ದಿನ ಮುರಿದೇ ಇದ್ದೆ. ಅಮ್ಮನ ಭರಣಿಯ ಪಕ್ಕದಲ್ಲಿ ಕೆಮ್ಮಿನ ಔಷಧಿಯ ಹಾಗೆ ಕಾಣುವ ಒಂದು ಬಾಟಲಿ! ಮೂರನೇ ದಿನ ಸುಮ್ಮನೆ ಹಣ್ಣು ಹಿಸುಕಿ ಹಾಕಿದೆ. ಹೆಪ್ಪು ಕೆಟ್ಟಿತು ಅಂದದ್ದು ಸುಳ್ಳಲ್ಲವೇ, ಅದು ಗಟ್ಟಿಮುಟ್ಟಾಗಿತ್ತು.

ನಾಲ್ಕನೇ ದಿನ ಭರಣಿಗೆ ಕಿವಿಯಿಟ್ಟೆ. ಎಂದಿನಂತೆ ನಿಶ್ಶಬ್ದ. ಸಣ್ಣ ಬಾಟಲಿ ತುಂಬಿ ಬಿಗಿದೆ. ಮಧ್ಯಾಹ್ನ ಒತ್ತಿದರೆ ಹೆಬ್ಬೆರಳೇ ನೋಯಿತು, ಅಷ್ಟು ಗಟ್ಟಿ. ಅಂದರೆ ಒಳಗೆ ಅಷ್ಟು ಗದ್ದಲ ನಡೆದಿತ್ತು, ನನಗೆ ಮಾತ್ರ ಹೊರಗಿನ ಶಾಂತಿ. ಬಾಟಲಿ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ನೀನು ಆಸ್ಪತ್ರೆಯ ಮಂಚದ ಮೇಲೆ ಕೂತು ಫೋನು ಹಿಡಿದದ್ದು ನೆನಪಾಯಿತು, ನಾನು ನೋಡದೇ ಇದ್ದದ್ದು.

ಐದನೇ ದಿನ ಹೊಸದಾಗಿ ತುಂಬಿಟ್ಟ ಬಾಟಲಿ ಆರನೇ ದಿನವೂ ಮೆತ್ತಗಿತ್ತು. ಒತ್ತಿದರೆ ಒಂದಿಷ್ಟೇ ಒಳಗೆ ಹೋಗಿ ಮತ್ತೆ ಮೇಲೆ ಬಂತು. ಹದಿನಾರು ಗಾಜಿನ ಬಾಟಲಿ ತುಂಬಿದೆ. ಎರಡು ದಿನ ಕೋಣೆಗೆ ಬೀಗ ಹಾಕಿ ಹೊರಗೆ ಕೂತಿದ್ದೆ, ದರ್ಜಿಯ ಕಿವಿಯನ್ನು ಕಾವಲಿಗೆ ಇಟ್ಟು. ಒಂದೂ ಒಡೆಯಲಿಲ್ಲ. ಮೊದಲ ಬಾಟಲಿ ತೆರೆದಾಗ ಅವನು ಹಿಂದಕ್ಕೆ ಹಾರಿದ್ದು ನೋಡಿ ಸದ್ದು ಚೆನ್ನಾಗಿ ಬಂದಿದೆ ಅಂತ ತಿಳಿದುಕೊಂಡೆ. ಕಿಟಕಿ ತೆರೆದಿದ್ದೇನೆ. ಕಿಟಕಿಯ ಮೇಲೆ ಒಂದು ಹಲಗೆ ತೂಗುಹಾಕಿದ್ದೇನೆ: ‘ಕಿವಿ ಮಂದ. ಎದುರು ನಿಂತು ಮಾತಾಡಿ.’ ಬರೆದದ್ದು ನಾನೇ. ತೂಗುಹಾಕಲು ಮಾತ್ರ ಒಂದು ಬೆಳಗ್ಗೆ ಪೂರ್ತಿ ಬೇಕಾಯಿತು.

ಮರದಲ್ಲಿ ಹೆಚ್ಚೆಂದರೆ ಇನ್ನು ಹತ್ತು ದಿನದ ಹಣ್ಣಿದೆ. ನೀನು ಬಂದರೆ ಬಾ. ಬಂದು ಏನೂ ಹೇಳಬೇಕಾಗಿಲ್ಲ. ಸುಮ್ಮನೆ ತೊಟ್ಟು ಬಿಡಿಸೋಣ.

ಅಕ್ಕ


ಮೇ ೯

ಅಕ್ಕ,

ಹದಿನಾಲ್ಕಕ್ಕೆ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಮೂರು ದಿನ ಇರುತ್ತೇನೆ. ಒಬ್ಬಳೇ.

ಸುಮ್ಮನೆ ತೊಟ್ಟು ಬಿಡಿಸಲು ಬರುತ್ತಿಲ್ಲ. ನಾನು ಒಂದು ಸಲ ಹೇಳಿದ್ದು ಎಲ್ಲಿಗೂ ಮುಟ್ಟಲಿಲ್ಲ. ಕಾಗದದಲ್ಲಿ ಬರೆದೆನಲ್ಲ, ಅದು ನಿನಗೆ ಚುಚ್ಚಲು ಬರೆದದ್ದು, ಹೇಳಿದ್ದಲ್ಲ. ಅದನ್ನು ಇನ್ನೊಂದು ಸಲ, ಸರಿಯಾಗಿ ಹೇಳಬೇಕು. ನೀನು ಬೆಳಕಿಗೆ ಮುಖ ಮಾಡಿ ಕೂರಬೇಡ, ನಾನು ಕೂರುತ್ತೇನೆ. ನನ್ನ ತುಟಿ ನಿನಗೆ ಕಾಣಬೇಕು.

ಹೇಳಿ ಮುಗಿಸಿದ ಮೇಲೆ ನನಗೆ ಸಮಾಧಾನ ಮಾಡಬೇಡ. ಆಗುತ್ತದೆಯಾ ನಿನ್ನಿಂದ?

ತಂಗಿ


ಮೇ ೨೨

ಪ್ರೀತಿಯ ಅಕ್ಕ,

ಕ್ಷೇಮವಾಗಿ ತಲುಪಿದೆ. ನಾಲ್ಕು ಬಾಟಲಿಯೂ ತಲುಪಿದವು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಅವನ್ನು ನೋಡಿ ಏನು ಇದು ಎಂದರು. ಹಣ್ಣಿನ ಸೋಡ, ಅಕ್ಕ ಮಾಡಿದ್ದು, ಅಲುಗಾಡಿಸಬಾರದು ಎಂದೆ. ಅವರು ದಾರಿಯುದ್ದಕ್ಕೂ ನನಗಿಂತ ಹುಷಾರಾಗಿ ಚೀಲ ಹಿಡಿದುಕೊಂಡರು.

ಅಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತೇನೆ.

ಎರಡನೇ ದಿನ ಬೆಳಗ್ಗೆ ನಾವು ಹಿತ್ತಲ ಬಾಗಿಲಲ್ಲಿ ಕೂತಿದ್ದೆವು. ನಡುವೆ ಹಣ್ಣಿನ ಬೋಗುಣಿ. ಅವತ್ತು ಶುರು ಮಾಡಿದೆ. ಕ್ರಮವಾಗಿ, ಬೆಳಗಿನ ಹೊಟ್ಟೆನೋವಿನಿಂದ ಹಿಡಿದು ಎಲ್ಲವನ್ನೂ. ಹೆಣ್ಣು ಮಗು ಎಂದೆ. ಇಪ್ಪತ್ತೊಂದು ವಾರ ಎಂದೆ. ನರ್ಸು ಬಟ್ಟೆಯಲ್ಲಿ ಸುತ್ತಿ ತೋರಿಸಿದಳು ಎಂದೆ. ನೋಡುವುದೇ ಬೇಡ ಎಂದಿದ್ದರು ಮೇಷ್ಟ್ರು, ನನ್ನ ಒಳ್ಳೆಯದಕ್ಕೇ ಎಂದಿದ್ದರು. ನಾನು ನೋಡಿದೆ. ಉಗುರುಗಳಿದ್ದವು, ಅಕ್ಕ.

ನೀನು ನನ್ನ ತುಟಿಯನ್ನೇ ನೋಡುತ್ತಿದ್ದೆ. ಯಾರೂ ನನ್ನನ್ನು ಅಷ್ಟು ಹೊತ್ತು ಹಾಗೆ ನೋಡಿಲ್ಲ. ಇಲ್ಲಿ ಎಲ್ಲರೂ ಕೇಳಿಸಿಕೊಳ್ಳುವಾಗ ಬೇರೆ ಕಡೆ ನೋಡುತ್ತಾರೆ. ಪಾಪ, ಅವರಿಗೆ ಕಿವಿಯಿಂದಲೇ ಎಲ್ಲ ಸಿಕ್ಕಿಬಿಡುತ್ತದೆ. ನೀನು ಕಣ್ಣು ತೆಗೆದರೆ ಮಾತೇ ಹೋಗುತ್ತದೆ. ಅದಕ್ಕೇ ನಡುವೆ ಎಲ್ಲೂ ಕಣ್ಣು ಒರೆಸಿಕೊಳ್ಳಲಿಲ್ಲ ನೀನು, ನೀರು ಕೆನ್ನೆಯ ಮೇಲೇ ಇಳಿಯಿತು. ನಾನು ಮುಗಿಸಿದ ಮೇಲೆ ನೀನು ಸಮಾಧಾನ ಮಾಡಲಿಲ್ಲ. ಕೊನೆಗೆ ನೀನು, “ಅವಳ್ನ ಏನಂತ ಕರೀತಿದ್ದೆ? ಪಾಪು ಅಂತಾನಾ?” ಅಂದೆ.

ಅಲ್ಲ ಎಂದೆ. ಅವಳಿಗೆ ಬೇರೆ ಹೆಸರಿಟ್ಟಿದ್ದೆ, ಒಬ್ಬಳೇ, ಮನಸ್ಸಿನಲ್ಲೇ.

ಹೇಳು ಅಂದೆ ನೀನು. ಹೇಳಿದೆ. ಬಾಯಿಂದ ಹೊರಗೆ ಬಂದದ್ದು ಅದೇ ಮೊದಲು, ದನಿಯೇ ಏಳಲಿಲ್ಲ. ನೀನು ತಲೆಯಾಡಿಸಿ, ಕೇಳ್ಳಿಲ್ಲ ಅಂದೆ. ಇನ್ನೊಂದು ಸಲ ಹೇಳಿದೆ. ನೀನು ಅದನ್ನು ತಪ್ಪಾಗಿ ಹಿಡಿದು, ನಡುವಿನ ಅಕ್ಷರ ಬದಲಿಸಿ, ಯಾವುದೋ ಬೇರೆ ಹೆಸರು ಮಾಡಿ ಹೇಳಿದೆ. ನನಗೆ ನಗು ಬಂತು. ಅವಳ ವಿಷಯದಲ್ಲಿ ನಾನು ನಕ್ಕದ್ದೂ ಅದೇ ಮೊದಲು. ಮೂರನೇ ಸಲ ಜೋರಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಬೀದಿಗೂ ಕೇಳಿರಬೇಕು, ದರ್ಜಿಯ ಮಿಷನ್ನು ನಿಂತಿತು. ಆಗ ನೀನು ಅದನ್ನು ಸರಿಯಾಗಿ ಹೇಳಿದೆ. ಕೈಯಲ್ಲಿದ್ದ ಹಣ್ಣನ್ನು ಬೋಗುಣಿಗೆ ಹಾಕಿ ಮತ್ತೆ ಒಂದು ಸಲ, ನಿನಗೇ ನೀನು ಹೇಳಿಕೊಂಡೆ.

ಪಾಪು ಎನ್ನುವುದು ಅವಳದಲ್ಲ, ಅದು ನನ್ನದೇ. ನೀನು ಹಾಗೇ ಕರೆ.

ಇಲ್ಲಿಗೆ ಬಂದ ಮರುದಿನ ಸಂಜೆ ಒಂದು ಬಾಟಲಿ ತೆರೆದು ಎರಡು ಲೋಟಕ್ಕೆ ಹಾಕಿದೆ. ಮೇಷ್ಟ್ರು ಉತ್ತರಪತ್ರಿ​ಕೆ ತಿದ್ದುತ್ತಿದ್ದರು. ಎದುರು ಕೂತು ಅವರಿಗೂ ಆ ಹೆಸರು ಹೇಳಿದೆ. ಈ ನಾಲ್ಕು ತಿಂಗಳಲ್ಲಿ ಅವರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವರು ಕೆಂಪು ಪೆನ್ನು ಕೆಳಗಿಟ್ಟರು.

ಅವರ ಕಿವಿ ಚೆನ್ನಾಗಿದೆ, ಅಕ್ಕ. ಪಕ್ಕದ ಕೋಣೆಯ ಪಿಸುಮಾತೂ ಕೇಳುತ್ತದೆ. ಆದರೂ, “ಇನ್ನೊಂದು ಸಲ ಹೇಳು” ಅಂದರು.

ನಿನ್ನ
ಪಾಪು